ಹಳೇ ಬ್ಯಾಕಪ್ ಅಳಿಸಲು ಫೈಂಡಾ, ಸ್ಟ್ಯಾಟಾ?

ಲಿನಕ್ಸಿನಲ್ಲಿ ಫೈಲ್ ಹುಡುಕುವ ಫೈಂಡ್ ಕಮಾಂಡಿನ ಎಂಟೈಮ್ (ಫೈಲ್ ಕೊನೆಗೆ ಬದಲಾಗಿ ಎಷ್ಟು ದಿನವಾಯಿತು ಅಂತ ನೋಡುವ ಆಯ್ಕೆ) ಕೈಕೊಟ್ಟ ಮೇಲೆ, ಫೈಲಿನ ವಿವರ ಕೊಡುವ ಸ್ಟ್ಯಾಟ್ ಕಮಾಂಡ್ ಹಿಡಿದವನು ನಾನು. ನನ್ನ ಒಲವು ಯಾವ ಕಡೆ ಅಂತ ಮೊದಲೇ ಗೊತ್ತಿರಲಿ.

ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಪ್ರೆಸ್ಸಿಗೆ ಬ್ಯಾಕಪ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ರಾತ್ರಿ 11ಕ್ಕೆ ಹಳೇ ಫೈಲ್ ಅಳಿಸಬೇಕು, 11.30ಕ್ಕೆ ಹೊಸದು ಬರಬೇಕು. ಒಂದೊಂದು ಫೈಲ್ 55 ಜಿಬಿ, ಡಿಸ್ಕ್ 500 ಜಿಬಿ, ಕಂಪ್ಯೂಟರ್ ಲೆಕ್ಕದಲ್ಲಿ ಸಿಗುವುದು ಸುಮಾರು 465. ಏಳು ಹಳೇದು, ಒಂದು ಹೊಸದು, ಒಟ್ಟು ಎಂಟು ಆರಾಮಾಗಿ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ ‘ಎಂಟೈಮ್ ಪ್ಲಸ್ 7’ ಬರೆದೆ. ಒಂಬತ್ತನೇ ರಾತ್ರಿ ಡಿಸ್ಕ್ ತುಂಬಿ ಬ್ಯಾಕಪ್ ಅರ್ಧಕ್ಕೇ ನಿಂತಿತು. ಬೆಳಿಗ್ಗೆಯೇ ಯಜಮಾನರ ಫೋನ್: “ಏನ್ ಸಾರ್, ನಿನ್ನೆ ಡಿಸೈನ್ ಯಾವುದೂ ಬಂದಿಲ್ವಲ್ಲ?”

ಎಡವಟ್ಟು ಇಲ್ಲಿದೆ. ಎಂಟೈಮ್ ಫೈಲಿನ ವಯಸ್ಸನ್ನು 24 ಗಂಟೆಯ ದಿನಗಳಲ್ಲಿ ಎಣಿಸಿ ಮಿಕ್ಕ ಗಂಟೆಗಳನ್ನು ಬಿಟ್ಟೇಬಿಡುತ್ತದೆ. ಆ ಒಂಬತ್ತನೇ ರಾತ್ರಿ 11ಕ್ಕೇ ಹೋಗಬೇಕಿದ್ದ ಮೊದಲ ಫೈಲಿಗೆ ಆಗ ಏಳು ದಿನ, ಇಪ್ಪತ್ಮೂರೂವರೆ ಗಂಟೆ. ಫೈಂಡ್ ಲೆಕ್ಕದಲ್ಲಿ ಅದು ಬರೀ 7. ಪ್ಲಸ್ 7 ಅಂದರೆ ಏಳಕ್ಕಿಂತ ಜಾಸ್ತಿ, ಅಂದರೆ ಪೂರ್ತಿ ಎಂಟು ದಿನ ತುಂಬಲೇಬೇಕು. ಅರ್ಧ ಗಂಟೆ ಕಮ್ಮಿ ಬಿದ್ದಿದ್ದಕ್ಕೆ ಇನ್ನೊಂದು ದಿನ ಉಳಿದುಕೊಂಡಿತು. ‘ಪ್ಲಸ್ 6’ ಹಾಕಿದರೆ ಸರಿಹೋಗುತ್ತದೆ ನಿಜ, ಆದರೆ ಆರು ತಿಂಗಳ ಮೇಲೆ ಆ ಸ್ಕ್ರಿಪ್ಟ್ ತೆರೆದವರಿಗೆ ಈ 6 ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ನಿಮಿಷ ಎಣಿಸುವ ‘ಎಂಮಿನ್ ಪ್ಲಸ್ 10080’ (ಏಳು ದಿನದ ನಿಮಿಷಗಳು) ಇದಕ್ಕಿಂತ ಎಷ್ಟೋ ವಾಸಿ.

ಸ್ಟ್ಯಾಟ್‌ನಲ್ಲಿ ಈ ಗೊಂದಲವೇ ಇಲ್ಲ. ಡೇಟ್ ಕಮಾಂಡ್ ಈಗಿನ ಸಮಯ ಕೊಡುತ್ತದೆ, ಸ್ಟ್ಯಾಟ್ ಫೈಲ್ ಕೊನೆಗೆ ಬದಲಾದ ಸಮಯ ಕೊಡುತ್ತದೆ, ಎರಡೂ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಒಂದರಲ್ಲಿ ಒಂದು ಕಳೆದು, ಏಳು ದಿನದ ಸೆಕೆಂಡುಗಳಾದ 604800ಕ್ಕಿಂತ ಜಾಸ್ತಿ ಬಂದರೆ ಅಳಿಸುವುದು. ಬಂದ ಸಂಖ್ಯೆಯನ್ನು ಲಾಗಿಗೂ ಬರೆಸುತ್ತೇನೆ. ಈಗ ಅಳಿಸುವ ಫೈಲಿನ ಪಕ್ಕ 689400ರ (ಏಳು ದಿನ, ಇಪ್ಪತ್ಮೂರೂವರೆ ಗಂಟೆ) ಆಸುಪಾಸು ಕಾಣುತ್ತದೆ, ಕಣ್ಣಿಗೇ ಸಮಾಧಾನ.

ಒಂದೇ ತೊಂದರೆ: ಈ ಸಮಯ ಬೇಕು ಅಂತ ಸ್ಟ್ಯಾಟ್‌ಗೆ ಹೇಳುವ ಆಯ್ಕೆ ಲಿನಕ್ಸಿನಲ್ಲಿ ‘ಮೈನಸ್ ಸಿ’, ಮನೆಯ ಮ್ಯಾಕಿನಲ್ಲಿ ‘ಮೈನಸ್ ಎಫ್’.

ಫೈಲ್ ಹೆಸರಿನಲ್ಲೇ ತಾರೀಖು ಇಡುವುದನ್ನೂ ನೋಡಿದೆ. ಸುಮ್ನೆ ಕಾಪಿ ಮಾಡಿದರೆ ಫೈಲಿನ ಸಮಯ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ, ಅದು ಒಳ್ಳೆಯದು. ಆದರೆ ಯುಟಿಸಿ (ವಿಶ್ವ ಸಮಯ) ಇಟ್ಟ ಸರ್ವರಿನಲ್ಲಿ ನಮ್ಮ ರಾತ್ರಿ 12.30ರ ಫೈಲಿಗೆ ಹಿಂದಿನ ದಿನದ ತಾರೀಖು ಬೀಳುತ್ತದೆ. ಐದೂವರೆ ಗಂಟೆಯ ವ್ಯತ್ಯಾಸ.

ಪ್ರೆಸ್ಸಿನ ಪಕ್ಕದಲ್ಲೇ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡ್ ಇದೆ, 1 ಟಿಬಿ ಡಿಸ್ಕ್ ತರಬಹುದಿತ್ತು. ಎಂಟು ಸಾಲು ಬರೆದರೆ ಮುಗಿಯುವ ಕೆಲಸಕ್ಕೆ ಅವರ ದುಡ್ಡು ಖರ್ಚು ಮಾಡಿಸಲು ನನಗೆ ಮನಸ್ಸಾಗಲಿಲ್ಲ. ನನ್ನ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರಿಗೆ ಮಾತ್ರ ಇವತ್ತಿಗೂ ಎಂಟೈಮೇ. ಅಲ್ಲಿ ಒಂದು ದಿನ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.