ಬೋರ್ಡಿಲ್ಲದ ಇಸಿಎಂ ಅಂಗಡಿ, ಬಿಸಿಲಿಗೆ ಬಂದ್ ಬೀಳೋ ನಮ್ಮ ಪಿಕಪ್

ನಮ್ಮ ಪಿಕಪ್ 2017ರ ಬಿಎಸ್-4 ಗಾಡಿ, ಕೆಎ-32 ಪಾಸಿಂಗ್. ಎರಡು ಲಕ್ಷ ಕಿಲೋಮೀಟರ್ ದಾಟ್ಯಾದ. ಆಳಂದ, ಅಫಜಲಪುರ ಕಡಿಂದ ತೊಗರಿ ಚೀಲ ತುಂಬ್ಕೊಂಡು ಕಲಬುರಗಿ ಗಂಜ್ ಬಜಾರಿಗೆ ತರೋದು ಇದರ ಕೆಲಸ. ಹೋದ ಏಪ್ರಿಲ್‌ದಾಗ ಇದಕ್ಕೊಂದು ರೋಗ ಹತ್ತಿತು. ಮುಂಜಾನಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಬಿಸಿಲು ಏರಿದ ಮ್ಯಾಲ ನಡು ಹಾದ್ಯಾಗ ಗಪ್. ಕೆಮ್ಮೋದಿಲ್ಲ, ಹೊಗಿ ಉಗುಳೋದಿಲ್ಲ, ಲೈಟ್ ಆರಿಸಿದಂಗ ಎಂಜಿನ್ ಬಂದ್. ಬಾನೆಟ್ ಎತ್ತಿ ಬೇವಿನ ಗಿಡದ ಕೆಳಗ ಅರ್ಧ ತಾಸು ಕುಂತ್ರ ಮತ್ತ ಸ್ಟಾರ್ಟ್, ಏನೂ ಆಗಿಲ್ಲದಂಗ.

ನಾನು ಖಾಯಂ ಗಾಡಿ ತೋರಿಸೋ ಗ್ಯಾರೇಜಿನಾಗ ಸುರುವಿಗೆ ಡೀಸೆಲ್ ಫಿಲ್ಟರ್ ಅಂದ್ರು. ಬದಲಿ ಮಾಡ್ಸಿದೆ. ಆಮ್ಯಾಲ ಕ್ರ್ಯಾಂಕ್ ಸೆನ್ಸಾರ್ ಅಂದ್ರು, ಅದೂ ಆಯ್ತು, ನಂತರ ರಿಲೇ. ಆರು ಸಾವಿರದ ಮ್ಯಾಲ ಹೋಯ್ತು, ಗಾಡಿ ಹಾದ್ಯಾಗ ನಿಲ್ಲೋದು ಬಿಡ್ಲಿಲ್ಲ. ಕಡಿಗೆ ಪರಿಚಯದವರ ಅದೇ ಮಾಡಲ್ ಗಾಡಿಯ ಇಸಿಎಂ ಡಬ್ಬಿ (ಎಂಜಿನ್ ನಡಸೋ ಕಂಪ್ಯೂಟರ್) ಕಳಚಿ ನಂದಕ್ಕ ಹಾಕಿ ನೋಡಿದ್ರು. ಸ್ಟಾರ್ಟೇ ಆಗ್ಲಿಲ್ಲ. "ಬ್ಯಾರೆ ಡಬ್ಬಿ ಹಾಕಿದ್ರೂ ಆಗ್ವಲ್ದು ಅಂದ್ರ ಡಬ್ಬಿ ಚೊಲೋನೇ ಅದ. ವೈರಿಂಗ್ ಪೂರಾ ಹೊಸಾದು ಎಳೀಬೇಕ್ರಿ" ಅಂತ ತೀರ್ಪು ಕೊಟ್ರು. ಆ ತೀರ್ಪು ತಪ್ಪಿತ್ತು, ಅದು ನನಗ ತಿಳಿದಿದ್ದು ಈ ಅಂಗಡ್ಯಾಗ.

ಹುಮನಾಬಾದ್ ರಸ್ತೆ ಕಡೆ ಒಂದು ಗಲ್ಲಿಯೊಳಗ ಸಣ್ಣ ಮಳಿಗಿ. ಬೋರ್ಡ್ ಇಲ್ಲ. ಶಟರ್ ಮ್ಯಾಲ ಪೇಂಟಿನಾಗ 'ಇಸಿಎಂ, ಮೀಟರ್, ಕೀ' ಅಂತ ಬರದಾರ, ಅದೂ ಅರ್ಧ ಅಳಿಸ್ಯಾದ. ನಡಸೋರು ವಯಸ್ಸಾದೋರು, ಮಂದಿ ಎಲ್ಲಾ ಚಾಚಾ ಅಂತಾರ.

"ಚಾಚಾ, ಇಸಿಎಂ ಹೋಗ್ಯಾದಂತ ಕಾಣಸ್ತದ" ಅಂದೆ.

"ಅದು ಎಲ್ಲಾರಕಿಂತ ಕಡಿಗೆ ಸಾಯೋದು ಸಾವ್ಕಾರ್ರ. ಮೊದ್ಲ ಅದಕ್ಕ ಅನ್ನ ನೀರು ಮುಟ್ಟಲಾಕತ್ಯಾದೇನು ನೋಡೋಣು" ಅಂದ್ರು.

ನಾನು ಈ ಅಂಗಡಿ ಬಗ್ಗೆ ಬರೀಲಾಕತ್ತಿದ್ದೇ ಮುಂದಿನ ಎರಡು ತಾಸಿನ ಸಲುವಾಗಿ. ಡಬ್ಬಿಗೆ ಕೈನೇ ಹಚ್ಚಲಿಲ್ಲ ಅವರು. ಸೆಲ್ಫ್ ಹೊಡಿಯೋ ಹೊತ್ನ್ಯಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಸಿಎಂನ ಅರ್ತಿಗೆ ಹಿಡಿದು ನೋಡಿದ್ರು; ನಡುವ ವೋಲ್ಟ್ ಭಾಳ ಬಿದ್ರ ಅರ್ತಿಂಗ್ ಕೆಟ್ಟಂಗ. ನಂದು ಚೊಲೋ ಇತ್ತು. ಆಮ್ಯಾಲ ಸೆನ್ಸಾರುಗಳಿಗೆ ಹೋಗೋ 5 ವೋಲ್ಟಿನ ಲೈನ್. ಒಂದು ಸೆನ್ಸಾರ್ ಶಾರ್ಟ್ ಆದ್ರೂ ಅದು ಇಡೀ ಲೈನನ್ನ ಕೆಳಗ ಎಳೀತದಂತ, ಇಸಿಎಂ ಸತ್ತಂಗೇ ಕಾಣ್ತದಂತ. ಅದಕ್ಕ ಒಂದೊಂದೇ ಸೆನ್ಸಾರಿನ ಪ್ಲಗ್ ಬಿಚ್ಚಿ ನೋಡಿದ್ರು. ಕಡಿಗೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಹಚ್ಚೋ 16 ಪಿನ್ನಿನ ಸಾಕೆಟ್‌ದಾಗ 6 ಮತ್ತು 14ನೇ ಪಿನ್ನಿನ ನಡುವ ಓಮ್ ಅಳದ್ರು: 60. ಡಬ್ಬಿಗಳ ನಡುವ ಸಂದೇಶ ಹೋಗೋ ಲೈನಿನ ಎರಡೂ ತುದಿಗೆ 120 ಓಮಿಂದು ಒಂದೊಂದು ರೆಸಿಸ್ಟರ್ ಇರ್ತಾವ, ಎರಡೂ ಪ್ಯಾರಲಲ್ ಕೂಡಿ 60 ಬಂದ್ರ ಆ ಮುಖ್ಯ ವೈರ್ ಕಡದಿಲ್ಲಂತ ಲೆಕ್ಕ. ವೈರಿಂಗ್ ಪೂರಾ ಎಳೀಬೇಕು ಅಂದ ಗ್ಯಾರೇಜಿನಾಗ ಈ ಒಂದು ನಿಮಿಷದ ಕೆಲಸ ಯಾರೂ ಮಾಡಿರ್ಲಿಲ್ಲ.

ಆಮ್ಯಾಲ ಒಳಗಿಂದ ಕೂದಲ ಒಣಗಸೋ ಡ್ರೈಯರ್ ತಂದ್ರು! ಮಗಳದಂತ. ಗಾಡಿ ಸ್ಟಾರ್ಟ್ ಇಟ್ಟು, ಇಸಿಎಂ ಡಬ್ಬಿಗೆ ಬಿಸಿ ಗಾಳಿ ಹೊಡದ್ರು. ಹತ್ತು ನಿಮಿಷ ಆಗಿರ್ಬೇಕು, ಎಂಜಿನ್ ಗಪ್, ಸ್ಕ್ಯಾನರಿಗೆ ಡಬ್ಬಿ ಸಿಗ್ವಲ್ದು. ಪಿನ್ನಿಗೆ 12 ವೋಲ್ಟ್ ಸರಿಯಾಗೇ ಬರ್ಲಾಕತ್ತಿತ್ತು, ಡಬ್ಬಿಯಿಂದ ಹೊರಗ ಬರೋ 5 ವೋಲ್ಟ್ ಮಾತ್ರ ಸೊನ್ನಿ. "ಈಗ ಹೋಗ್ಯಾದ ಅನ್ರಿ" ಅಂದ್ರು.

ಆಗ ಕೇಳಿದ್ರು, "ಗಾಡಿಗೆ ವೆಲ್ಡಿಂಗ್ ಮಾಡ್ಸಿದ್ರೇನು?" ಫೆಬ್ರುವರಿದಾಗ ಹಿಂದಿನ ಜಾಳಗಿಗೆ ಮಾಡ್ಸಿದ್ದೆ, ಬ್ಯಾಟರಿ ಟರ್ಮಿನಲ್ ಬಿಚ್ಚದೆ. ಸುಮ್ಮ ನಿಂತೆ. ಅದರಿಂದಲೇ ಆಯ್ತಂತ ಹೇಳ್ಲಾಕ ಬರಲ್ಲ, ಆದ್ರ ವೆಲ್ಡಿಂಗಿನ ಕರೆಂಟ್ ಬಾಡಿ ತುಂಬ ಓಡ್ತದ, ಮೈನಸ್ ಬಿಚ್ಚಿ ಇಸಿಎಂ ಪ್ಲಗ್ ಕಿತ್ತಿಟ್ಟೇ ಮಾಡ್ಸಬೇಕು ಅಂದ್ರು. ಬೈಲಿಲ್ಲ, ಅದೇ ದೊಡ್ಡದು.

ಕಂಪನಿ ಶೋರೂಮಿನಾಗ ಹೊಸಾ ಡಬ್ಬಿಗೆ 42 ಸಾವಿರ ಹೇಳಿದ್ರು, ಪ್ರೋಗ್ರಾಮಿಂಗ್ ಬ್ಯಾರೆ. ಹೈದರಾಬಾದ್ ಗುಜರಿಯಿಂದ ಹಳೇದು ತರಸ್ತೀನಿ, 9 ಸಾವಿರ ಆಗ್ತದ ಅಂದ್ರು ಚಾಚಾ. ಡಬ್ಬಿ ಮ್ಯಾಲಿನ ನಂಬರ್ ಒಂದಂಕಿನೂ ತಪ್ಪದಂಗ ನಂದಕ್ಕ ಹೊಂದಬೇಕಂತ, ಅದಕ್ಕ ಸುರುವಿಗೆ ಬಂದದ್ದು ವಾಪಸ್ ಕಳಸಿದ್ರು. ಹೊಂದೋದು ಬಂದ ಮ್ಯಾಲ ನನ್ನ ಹಳೇ ಡಬ್ಬಿಯೊಳಗಿನ ಡೇಟಾ ಎಲ್ಲಾ ಓದಿ ಇದರೊಳಗ ಬರದ್ರು. ಕೀಲಿ ಚಿಪ್ಪಿನ ಗುರ್ತು ಇರೋದು ಆ ಬರಹದೊಳಗೇ. ಅದು ಕೂಡದಿದ್ರ ಡಬ್ಬಿ ಎಷ್ಟು ಚೊಲೋ ಇದ್ರೂ ಎಂಜಿನ್ ಸ್ಟಾರ್ಟ್ ಆಗ್ಲಾಕ ಬಿಡಲ್ಲ. ಗ್ಯಾರೇಜಿನಾಗ ಪರಿಚಯದವರ ಡಬ್ಬಿ ಹಾಕಿದಾಗ ಆಗಿದ್ದು ಇದೇ!

ಬರಿಯೋಕಿಂತ ಮೊದ್ಲ ನಾಕೂ ಇಂಜೆಕ್ಟರಿನ ತಲಿ ಒರಸಿ, ಮ್ಯಾಲಿದ್ದ ಕೋಡ್ ಡಬ್ಬಿಯೊಳಗಿನ ಕೋಡಿಗೆ ಹೋಲಿಸಿ ನೋಡಿದ್ರು. ಮೂರನೇದು ಕೂಡಲಿಲ್ಲ. ಎರಡು ವರ್ಷದ ಹಿಂದ ಅದನ್ನ ಬದಲಿ ಮಾಡ್ಸಿದ್ದೆ, ಹೊಸಾ ಕೋಡ್ ಯಾರೂ ಹಾಕಿರ್ಲಿಲ್ಲ. ಪ್ರತಿ ಇಂಜೆಕ್ಟರ್ ಡೀಸೆಲ್ ಬಿಡೋದ್ರಾಗ ಕೂದಲೆಳಿಯಷ್ಟು ಹೆಚ್ಚು ಕಡಿಮಿ ಇರ್ತದ, ಅದನ್ನ ಇಸಿಎಂಗೆ ಹೇಳೋದೇ ಆ ಕೋಡ್. ಈಗ ಸರಿ ಮಾಡ್ಯಾರ. ನಿಂತಲ್ಲಿ ಟಕ್ ಟಕ್ ಅಂತಿದ್ದ ಸಪ್ಪಳ ಹೋಯ್ತು. ಅದು ಗಾಡಿಯ ಸ್ವಭಾವ ಅಂತ ನಾನು ತಿಳ್ಕೊಂಡಿದ್ದೆ, ಕೇಳಿದೋರಿಗೂ ಹಂಗೇ ಹೇಳ್ತಿದ್ದೆ.

ಎಲ್ಲಾ ಕೂಡಿ 14 ಸಾವಿರ: ಡಬ್ಬಿಗೆ 9, ಬರಹಕ್ಕ 4,500, ಟೆಸ್ಟಿಂಗಿಗೆ 500. ಮೇದಾಗ ಮಟ ಮಟ ಮಧ್ಯಾಹ್ನ 25 ಚೀಲ ಹೇರ್ಕೊಂಡು ಅಫಜಲಪುರದಿಂದ ಬಂದೀನಿ, ಒಮ್ಮಿನೂ ನಿಂತಿಲ್ಲ.

ತಕರಾರು ಇಲ್ಲಂತಲ್ಲ. ಮೂರು ದಿನ ಅಂದೋರು ಒಂಬತ್ತು ದಿನ ಮಾಡಿದ್ರು. ವಾಪಸ್ ಹೋದ ಡಬ್ಬಿ ಲೆಕ್ಕ ಹಿಡಿದ್ರೂ ಐದು ದಿನಕ್ಕ ಆಗಬೇಕಿತ್ತು. ಅಷ್ಟೂ ದಿನ ಬಾಡಿಗಿ ಗಾಡಿ ಹಚ್ಚಿ ಮಾಲು ಹೊಡಿಸೀನಿ. ಫೋನ್ ಎತ್ತಲ್ಲ. ಎತ್ತಿದ್ರ "ಬಸ್ಸಿನಾಗ ಅದ, ಬರ್ಲಾಕತ್ಯಾದ" ಅಂತ ಒಂದೇ ಮಾತು. ಬಿಲ್ ಕೇಳಿದ್ರ ಸಿಗರೇಟ್ ಪಾಕೀಟಿನ ಹಿಂದ ಬರದು ಕೊಟ್ರು. ಗ್ಯಾರಂಟಿ ಆರು ತಿಂಗಳು, ಅದೂ ಬಾಯಿ ಮಾತಿನ್ಯಾಗ. ಐದಕ್ಕ ನಾಕು ಕೊಡ್ತೀನಿ, ಒಂದು ಆ ಪಾಕೀಟಿನ ಸಲುವಾಗಿ ಕಟ್. ಹಳೇ ಡಬ್ಬಿ ಕೇಳದೆನೇ ಕೈಗೆ ಕೊಟ್ರು, ಅದು ಲೆಕ್ಕದಾಗ ಇರ್ಲಿ.

ಹೋಗೋರಿದ್ರ ಹನ್ನೊಂದರ ಮ್ಯಾಲ ಹೋಗ್ರಿ, ಎರಡೂ ಕೀಲಿ ತಗೊಂಡು ಹೋಗ್ರಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಶಟರ್ ಇಳಸಿರ್ತಾರ. ನಾನು ಗೊತ್ತಿಲ್ಲದ ಹೋಗಿ ಬಾಜೂ ಪಂಕ್ಚರ್ ಅಂಗಡಿ ನೆರಳಿಗೆ ಎರಡು ತಾಸು ಕುಂತೆ.