ಕೊಟೇಶನ್‌ನಲ್ಲಿ 12ಜಿ5, ವಯಲ್‌ನಲ್ಲಿ ಇನ್ನೇನೋ: ಪಿಇ ಆಂಟಿಬಾಡಿ ತರಿಸುವವರು ಓದಿ

ಫ್ಲೋ ಸೈಟೋಮೆಟ್ರಿ (ಹೊಳೆಯುವ ಆಂಟಿಬಾಡಿ ಹಾಕಿ ಸೆಲ್‌ಗಳನ್ನು ಲೇಸರ್‌ನಲ್ಲಿ ಒಂದೊಂದಾಗಿ ಓದುವುದು) ಮಾಡುವವರು, ಅದರಲ್ಲೂ ಮಾರ್ಚ್ ಒಳಗೆ ಗ್ರಾಂಟ್ ಮುಗಿಸಬೇಕು ಅಂತ ಸಿಕ್ಕ ಡೀಲರ್ ಹತ್ತಿರ ಆಂಟಿಬಾಡಿ ತರಿಸುತ್ತಿರುವವರು, ದಯವಿಟ್ಟು ಇದನ್ನು ಓದಿ. ಡೀಲರ್ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ಪರ್ಚೇಸ್ ಸೆಕ್ಷನ್‌ನಲ್ಲಿ ಕೂತಿದೆ.

ನಾವು ಕೇಳಿದ್ದು ಮನುಷ್ಯರ ಸಿಎಕ್ಸ್‌ಸಿಆರ್4 ರಿಸೆಪ್ಟರ್ (ಸೆಲ್ ಮೇಲ್ಮೈಯ ಒಂದು ಪ್ರೋಟೀನ್) ಹಿಡಿಯುವ ಆಂಟಿಬಾಡಿ. ಪಿಇ ಅನ್ನುವ ಹೊಳೆಯುವ ಬಣ್ಣದ ಲೇಬಲ್ ಇರುವುದು, ಕ್ಲೋನ್ (ಯಾವ ಸೆಲ್ ವಂಶದಿಂದ ಬಂದ ಆಂಟಿಬಾಡಿ ಅನ್ನುವ ಗುರುತು) 12ಜಿ5. ಇಂಡೆಂಟ್‌ನಲ್ಲೇ ಕ್ಲೋನ್ ಬರೆದಿದ್ದೆ. ಮೂರು ಕೊಟೇಶನ್ ಬಂತು, ಎಲ್-1 (ಎಲ್ಲಕ್ಕಿಂತ ಕಡಿಮೆ ಬೆಲೆ ಹೇಳಿದವರು) ಯಾರೋ ಅವರಿಗೇ ಆರ್ಡರ್ ಹೋಯಿತು, ಆ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಅವರ ಕೊಟೇಶನ್‌ನಲ್ಲೂ "ಮೌಸ್ ಮೋನೋಕ್ಲೋನಲ್, 12ಜಿ5" ಅಂತಲೇ ಇತ್ತು, ಅಂದರೆ ಇಲಿಯದು, ಎಲ್ಲ ಒಂದೇ ಥರದ ಆಂಟಿಬಾಡಿ. ಆ ಕಾಗದ ನನ್ನ ಹತ್ತಿರ ಇದೆ.

ಬಂದಾಗ ಥರ್ಮಾಕೋಲ್ ಡಬ್ಬಿಯಲ್ಲಿದ್ದ ಜೆಲ್ ಪ್ಯಾಕ್ ಪೂರ್ತಿ ಕರಗಿತ್ತು. ಅದು ಹಾಳಾಗಿ ಹೋಗಲಿ. ವಯಲ್ ಮೇಲೆ ಡೀಲರ್‌ದೇ ಸ್ಟಿಕ್ಕರ್: ರಿಸೆಪ್ಟರ್ ಹೆಸರು, ಪಿಇ, 100 ಟೆಸ್ಟ್. ಕ್ಲೋನ್ ಇಲ್ಲ, ಲಾಟ್ (ತಯಾರಿಕೆಯ ಬ್ಯಾಚ್) ನಂಬರ್ ಇಲ್ಲ. ಆಗಲೇ ಫೋನ್ ಮಾಡಿದೆ. "ಮೇಡಂ, ಅದು ಬರೀ ಪ್ಯಾಕಿಂಗು. ಒಳಗಿರೋದು ನೀವು ಕೇಳಿದ್ದೇ" ಅಂದರು.

ಈ ರಿಸೆಪ್ಟರ್ ಇರುವ ಜರ್ಕಾಟ್ ಸೆಲ್‌ಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಟಿ ಸೆಲ್) ಹಾಕಿದೆವು, ಚೆನ್ನಾಗಿ ಹೊಳೆಯಿತು. ಗೈಡ್ ಖುಷಿಯಾಗಿ ಡಿಪಾರ್ಟ್‌ಮೆಂಟ್ ಮೀಟಿಂಗ್‌ನಲ್ಲಿ ತೋರಿಸಿದರು. ಆಮೇಲೆ, ಜೀನ್ ಕತ್ತರಿಸುವ ಕ್ರಿಸ್ಪರ್‌ನಿಂದ ಸಿಎಕ್ಸ್‌ಸಿಆರ್4 ಜೀನ್ ಕೆಡಿಸಿದ ಜರ್ಕಾಟ್‌ಗೆ ಹಾಕಿದರೆ ಅದೂ ಅಷ್ಟೇ ಹೊಳೆಯಬೇಕೇ! ಎರಡು ಹಿಸ್ಟೋಗ್ರಾಮ್ (ಹೊಳಪಿನ ನಕ್ಷೆ) ಒಂದರ ಮೇಲೊಂದು ಕೂತವು. ರಿಸೆಪ್ಟರೇ ಇಲ್ಲದ ಸೆಲ್‌ನಲ್ಲಿ ಇದು ಹಿಡಿಯುತ್ತಿರುವುದು ಏನನ್ನು? ಎಎಂಡಿ3100 (ಈ ರಿಸೆಪ್ಟರ್‌ಗೇ ಅಂಟುವ ಔಷಧ) ಹಾಕಿಯೂ ನೋಡಿದೆವು. ಅದು 12ಜಿ5 ಕೂರುವುದಕ್ಕೆ ಅಡ್ಡ ಬರುತ್ತದೆ, ಮೊದಲು ಅದನ್ನು ಹಾಕಿದರೆ ಸಿಗ್ನಲ್ ಇಳಿಯಲೇಬೇಕು. ಒಂದಿಷ್ಟೂ ಇಳಿಯಲಿಲ್ಲ. ಮೀಟಿಂಗ್‌ನಲ್ಲಿ ಚಪ್ಪಾಳೆ ಹೊಡೆದವರ ಮುಂದೆ ಮುಖ ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ.

ಇನ್ನು ಡೀಲರ್ ಕಡೆಯ ಉತ್ತರಗಳನ್ನು ಕೇಳಿ.

"ನಿಮ್ಮ ನಾಕ್‌ಔಟ್ ಸರಿಯಾಗಿಲ್ಲ ಮೇಡಂ." ಜೀನ್ ಕೆಟ್ಟಿದೆ ಅಂತ ತೋರಿಸುವ ಸೀಕ್ವೆನ್ಸಿಂಗ್ ಕಳಿಸಿದೆ. ಅದರ ಬಗ್ಗೆ ಮತ್ತೆ ಮಾತಿಲ್ಲ.

"ಟ್ರಿಪ್ಸಿನ್ ಜಾಸ್ತಿ ಆಗಿರ್ಬೇಕು." ಜರ್ಕಾಟ್ ಕಣ್ರೀ! ಮೀಡಿಯಂನಲ್ಲಿ ತೇಲಿಕೊಂಡೇ ಬೆಳೆಯುವ ಸೆಲ್. ಟ್ರಿಪ್ಸಿನ್ ಬೇಕಾಗುವುದು ತಳಕ್ಕೆ ಅಂಟಿದ ಸೆಲ್ ಬಿಡಿಸುವುದಕ್ಕೆ, ಆ ಬಾಟಲಿಯನ್ನೇ ನಾವು ಮುಟ್ಟಿಲ್ಲ. ಮುಟ್ಟಿದ್ದರೂ ಅದು ಮೇಲ್ಮೈ ಪ್ರೋಟೀನ್ ಕತ್ತರಿಸಿ ಸಿಗ್ನಲ್ ಕಮ್ಮಿ ಆಗಬೇಕಿತ್ತು, ನನ್ನ ತಕರಾರು ರಿಸೆಪ್ಟರೇ ಇಲ್ಲದ ಕಡೆ ಸಿಗ್ನಲ್ ಬರುತ್ತಿದೆ ಅಂತ! ಟೆಕ್ನಿಕಲ್ ಸಪೋರ್ಟ್ ಅಂತ ಫೋನ್ ಎತ್ತುವವರಿಗೆ ಇಷ್ಟೂ ಗೊತ್ತಿಲ್ಲ.

ಲಾಟ್ ಡೇಟಾ ಕೊಡಿ ಅಂದೆ. ವಾಟ್ಸಾಪ್‌ನಲ್ಲಿ ಒಂದು ಹಿಸ್ಟೋಗ್ರಾಮ್ ಚಿತ್ರ ಬಂತು. ಕೆಳಗಿನ ಅಕ್ಷದಲ್ಲಿ ಎಫ್ಎಲ್4 ಅಂತಿದೆ, ಅದು ಹಳೇ ಮಷೀನ್‌ಗಳ ಒಂದು ಬೆಳಕಿನ ಚಾನೆಲ್. ಆ ಹಳೇ ಮಷೀನ್‌ಗಳಲ್ಲಿ ಪಿಇ ಓದುವುದು ಎಫ್ಎಲ್2ನಲ್ಲಿ, ಎಫ್ಎಲ್4 ಇರುವುದು ಕೆಂಪು ಲೇಸರ್‌ನ ಎಪಿಸಿ ಅನ್ನುವ ಬೇರೆ ಬಣ್ಣಕ್ಕೆ. ಯಾವುದೋ ಎಪಿಸಿ ಆಂಟಿಬಾಡಿಯ ಚಿತ್ರ ಎತ್ತಿ ನಮ್ಮ ಕಿವಿ ಮೇಲೆ ಹೂ ಇಟ್ಟಿದ್ದಾರೆ. ಹೇಳಿದರೆ "ಟೈಪಿಂಗ್ ಮಿಸ್ಟೇಕ್ ಇರ್ಬೇಕು" ಅಂತೆ. ಮಷೀನ್ ಬರೆದ ಅಕ್ಷದಲ್ಲಿ ಯಾರು ಟೈಪ್ ಮಾಡ್ತಾರೆ?

ಪೂರ್ತಿ ಬಯಲಾಗಿದ್ದು ಕಾಂಪೆನ್ಸೇಶನ್ ಬೀಡ್ಸ್‌ನಲ್ಲಿ (ಆಂಟಿಬಾಡಿಯನ್ನೇ ಹಿಡಿಯುವ ಪುಟ್ಟ ಮಣಿಗಳು). 12ಜಿ5 ಮೌಸ್ ಐಜಿಜಿ2ಎ, ಕಪ್ಪಾ (ಆಂಟಿಬಾಡಿಯ ವರ್ಗ ಮತ್ತು ಅದರ ಸಣ್ಣ ಸರಪಳಿಯ ಬಗೆ). ಮೌಸ್ ಕಪ್ಪಾ ಹಿಡಿಯುವ ಬೀಡ್ಸ್‌ಗೆ ಅದು ಅಂಟಲೇಬೇಕು, ರಿಸೆಪ್ಟರ್ ಇರಲಿ ಬಿಡಲಿ. ಅಂಟಲಿಲ್ಲ. ಬೀಡ್ಸ್ ಕತ್ತಲೆ! ಅದೇ ಬೀಡ್ಸ್, ಅದೇ ಮಷೀನ್, ಅದೇ ದಿನ, ನಮ್ಮ ಹಳೇ ಸಿಡಿ3-ಪಿಇ ಆಂಟಿಬಾಡಿ, ಅದೂ ಮೌಸ್‌ದೇ, ಜಗಮಗ ಅಂತ ಹೊಳೆಯಿತು. ಅಂದರೆ ವಯಲ್‌ನಲ್ಲಿರುವುದು ಮೌಸ್ ಆಂಟಿಬಾಡಿಯೇ ಅಲ್ಲ. ಎಥನಾಲ್ ಹಚ್ಚಿ ಸ್ಟಿಕ್ಕರ್ ಕಿತ್ತೆ. ಅಡಿಯಲ್ಲಿ ಇನ್ನೊಂದು ಲೇಬಲ್: ರ‍್ಯಾಬಿಟ್, ಪಾಲಿಕ್ಲೋನಲ್. ಅಂದರೆ ಮೊಲದ್ದು, ಹಲವು ಥರದ ಆಂಟಿಬಾಡಿಗಳ ಮಿಶ್ರಣ. ಮೈಯೆಲ್ಲ ಉರಿದುಹೋಯಿತು. ಫೋಟೋ ಕಳಿಸಿದರೆ ಎರಡು ನೀಲಿ ಟಿಕ್, ಆಮೇಲೆ ಸಂಜೆಗೆ "ಎರಡೂ ಸಿಎಕ್ಸ್‌ಸಿಆರ್4ದೇ ಅಲ್ವಾ ಮೇಡಂ, ಯೂಸ್ ಮಾಡಿ, ಏನೂ ಆಗಲ್ಲ."

ಏನೂ ಆಗಲ್ವಾ? ಎರಿಥ್ರೊಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್) ರಿಸೆಪ್ಟರ್ ಕಥೆ ಓದಿದವರಿಗೆ ಗೊತ್ತು. ಎಷ್ಟೋ ಜನ ಕ್ಯಾನ್ಸರ್ ಸೆಲ್‌ಗಳಲ್ಲಿ ಆ ರಿಸೆಪ್ಟರ್ ಇದೆ ಅಂತ ಒಂದು ಪಾಲಿಕ್ಲೋನಲ್ ನಂಬಿ ಬರೆದರು. ಅದು ಹೀಟ್ ಶಾಕ್ ಪ್ರೋಟೀನ್ 70 ಅನ್ನೂ ಹಿಡಿಯುತ್ತಿದೆ ಅಂತ 2006ರಲ್ಲಿ ತೋರಿಸಿದರು. ಪಾಲಿಕ್ಲೋನಲ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾನು ದುಡ್ಡು ಕೊಟ್ಟಿದ್ದು 12ಜಿ5ಗೆ, ಅಷ್ಟೇ.

ನೀವು ಮಾಡಬೇಕಾದ್ದು: ಕಂಪನಿಯ ಮೂಲ ಲೇಬಲ್ ಕಾಣದ ವಯಲ್ ತಗೋಬೇಡಿ. ಸ್ಟೋರ್ಸ್‌ನವರು ಸಹಿ ಹಾಕುವ ಮುಂಚೆ ನೀವೇ ಹೋಗಿ ಕ್ಲೋನ್, ಲಾಟ್ ನೋಡಿ. ಮೊದಲು ಬೀಡ್ಸ್ ಮೇಲೆ ಒಂದು ಹನಿ, ಆಮೇಲೆ ರಿಸೆಪ್ಟರ್ ಇಲ್ಲದ ಸೆಲ್ ಮೇಲೆ. ಬಿಲ್ ಪಾಸ್ ಆಗುವುದು ಅದರ ನಂತರ. ನಮ್ಮದು ಮುಂಚೆಯೇ ಪಾಸ್ ಆಗಿದೆ, ಈಗ ಕ್ರೆಡಿಟ್ ನೋಟ್ ಕೊಡ್ತಾರಂತೆ, ಅವರಲ್ಲೇ ಮತ್ತೆ ತರಿಸೋಕೆ!

ನಿನ್ನೆ ಹೊಸ ಮೆಸೇಜ್ ಬಂದಿದೆ: "ವಯಲ್ ವಾಪಸ್ ಕಳಿಸಿ ಮೇಡಂ, ಚೆಕ್ ಮಾಡಿ ಹೇಳ್ತೀವಿ." ಕಳಿಸಲ್ಲ. ಎರಡೂ ಲೇಬಲ್ ಸಮೇತ ಅದು ನಮ್ಮ ಫ್ರಿಜ್‌ನಲ್ಲೇ ಇರುತ್ತೆ, ನೋಡಬೇಕಾದವರು ಲ್ಯಾಬ್‌ಗೇ ಬಂದು ನೋಡಲಿ.