ಆಯಿಲ್ ಪೇಂಟಿಂಗ್ ವರ್ಕ್‌ಶಾಪ್ ಅಂತ 4,500 ಕಳ್ಕೊಂಡೆ, ದುಡ್ಡು ಕಟ್ಟೋ ಮುಂಚೆ ಓದಿ

ಹೇಳ್ಕೊಳೋಕೆ ನಾಚಿಕೆ ಆಗ್ತಿದೆ, ಆದ್ರೂ ಹೇಳ್ತೀನಿ, ಯಾಕಂದ್ರೆ ಅದೇ ಜನ ಮುಂದಿನ ತಿಂಗಳು ಇನ್ನೊಂದು ಬ್ಯಾಚ್ ಮಾಡ್ತಿದಾರೆ.

ಎರಡು ದಿನ, 4,500 ರೂಪಾಯಿ, ಪೂರ್ತಿ ಅಡ್ವಾನ್ಸ್. ಪಾಂಡವಪುರದ ಕುಂತಿಬೆಟ್ಟದ ಕೆಳಗೆ ಗದ್ದೆ ಬದು ಮೇಲೆ ಈಸೆಲ್ (ಕ್ಯಾನ್ವಾಸ್ ನಿಲ್ಸೋ ಸ್ಟ್ಯಾಂಡ್) ಇಟ್ಕೊಂಡು, ಕಣ್ಮುಂದೆ ಇರೋದನ್ನೇ ಆಯಿಲ್ ಕಲರ್‌ನಲ್ಲಿ ಬರೆಸ್ತೀವಿ ಅಂದಿದ್ರು. ನಾನು ಹುಟ್ಟಿ ಬೆಳೆದಿದ್ದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲೇ, ಅಪ್ಪನ ಗದ್ದೆ ಈಗ ನಮ್ದಲ್ಲ, ಅದನ್ನ ಒಂದ್ಸಲ ಕೈಯಾರೆ ಬರೀಬೇಕು ಅನ್ನೋ ಹುಚ್ಚು, ಹಿಂದೆ ಮುಂದೆ ನೋಡ್ದೆ ಜಿಪೇ ಮಾಡ್ಬಿಟ್ಟೆ.

ಹೋದ್ರೆ ಗದ್ದೆನೂ ಇಲ್ಲ ಬದೂನೂ ಇಲ್ಲ. ಮಳೆ ಬರೋ ಹಾಗಿದೆ ಅಂತ ಒಂದು ಛತ್ರದ ಊಟದ ಹಾಲಲ್ಲಿ ಕೂರಿಸಿದ್ರು. (ಎರಡು ದಿನವೂ ಒಂದು ಹನಿ ಬೀಳ್ಲಿಲ್ಲ.) ಕ್ಯಾನ್ವಾಸ್ ಮೇಲೆ ಮೊದಲೇ ಮಸುಕಾಗಿ ಗೆರೆ ಇತ್ತು, ಕೇಳಿದ್ರೆ "ಟೈಮ್ ಉಳೀಲಿ ಅಂತ ಸ್ಕೆಚ್ ಮಾಡಿಟ್ಟಿದೀವಿ ಮೇಡಂ". ದೂರದ ಬೆಟ್ಟ ಸ್ವಲ್ಪ ನೀಲಿಗೆ ತಿರುಗಿಸ್ಬೇಕಲ್ವಾ, ಪೈರಿನ ಹಸಿರಿಗೆ ಓಕರ್ (ಮಣ್ಣಿನಂಥ ಹಳದಿ) ಬೆರೆಸ್ಲಾ ಅಂದ್ರೆ, "ಅದೆಲ್ಲ ಅಡ್ವಾನ್ಸ್ಡ್, ನೀವು ಗೆರೆ ಒಳಗೆ ತುಂಬಿ". ಟ್ಯೂಬಿಂದ ಹಿಂಡಿದ ಹಸಿರು ಹಾಗೇ ಬಳಿಯೋದು, ಅಷ್ಟೇ ಪಾಠ.

ಎರಡನೇ ದಿನ ತೆಂಗಿನಮರ ಸರಿ ಬರ್ಲಿಲ್ಲ ಅಂತ ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸ್ದೆ. ನನ್ನ ಬಣ್ಣ ಹೋಯ್ತು, ಅದ್ರ ಕೆಳಗಿನ ಬಿಳಿ ಬಣ್ಣನೂ ಹೋಯ್ತು, ಮರ ಮಾತ್ರ ಹೋಗ್ಲಿಲ್ಲ! ಇನ್ನೂ ಉಜ್ಜಿದೆ, ಗರಿ ಗರಿನೂ ಕಾಣ್ತು, ಮಿಷಿನ್ನಲ್ಲಿ ಪ್ರಿಂಟ್ ಹೊಡೆದಿರೋ ಮರ. ಪಕ್ಕ ಉಜ್ಜಿದ್ರೆ ನೆತ್ತಿ ಮೇಲೆ ಹಿಮ ಇರೋ ಬೆಟ್ಟ. ಕುಂತಿಬೆಟ್ಟಕ್ಕೆ ಯಾವತ್ತು ಹಿಮ ಬಿತ್ತು ಸ್ವಾಮಿ? ತಲೆ ಎತ್ತಿ ನೋಡಿದ್ರೆ ಹನ್ನೊಂದು ಜನರ ಮುಂದೆನೂ ಅದೇ ಮರ, ಅದೇ ಕಡೆಗೆ ಬಗ್ಗಿದೆ. ನಾನು ಹಿಂದಿನ ರಾತ್ರಿನೇ "ನನ್ನ ಮೊದಲ ಆಯಿಲ್ ಪೇಂಟಿಂಗ್" ಅಂತ ಸ್ಟೇಟಸ್ ಹಾಕಿ ಚಿಕ್ಕಮ್ಮನಿಂದ ಶಭಾಷ್ ಬೇರೆ ಅನ್ನಿಸ್ಕೊಂಡಿದ್ದೆ.

ಕೇಳಿದ್ದಕ್ಕೆ ಉತ್ತರ: "ಬಿಗಿನರ್ಸ್‌ಗೆ ಕಾನ್ಫಿಡೆನ್ಸ್ ಬರ್ಲಿ ಅಂತ ಮೇಡಂ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ರೇ." ನಾನೊಬ್ಳೇ ಒರೆಸಿದ್ದು, ಅದಕ್ಕೆ!

ಇಷ್ಟಕ್ಕೇ ಮುಗೀಲಿಲ್ಲ. ಅವತ್ತು ಸಂಜೆನೇ ಹಸಿ ಬಣ್ಣದ ಮೇಲೆ ವಾರ್ನಿಶ್ ಸ್ಪ್ರೇ ಹೊಡೆದು ನ್ಯೂಸ್‌ಪೇಪರಲ್ಲಿ ಸುತ್ತಿ ಕೊಟ್ರು. ಆಯಿಲ್ ಒಣಗೋಕೆ ದಿನಗಟ್ಲೆ ಬೇಕು, ವಾರ್ನಿಶ್‌ಗೆ ಸಾಮಾನ್ಯವಾಗಿ ಆರು ತಿಂಗಳಾದ್ರೂ ಕಾಯ್ತಾರೆ, ಇದು ನನಗೆ ಗೊತ್ತಾಗಿದ್ದು ಮನೇಲಿ ಪೇಪರ್ ಕೀಳೋವಾಗ. ಆಕಾಶದ ತುಂಬ ಉಲ್ಟಾ ಅಕ್ಷರ, ಗದ್ದೆ ಮೇಲೆ ಅರ್ಧ ಜಾಹೀರಾತು. ಫೋಟೋ ಕಳಿಸಿದ್ರೆ "ಆರ್ಟ್‌ನಲ್ಲಿ ಸರಿ ತಪ್ಪು ಅಂತ ಇರಲ್ಲ ಮೇಡಂ" ಅಂತೆ. ರಿಫಂಡ್ ಇಲ್ಲ, ಮುಂದಿನ ಬ್ಯಾಚ್‌ಗೆ 500 ಕಡಿಮೆ ಮಾಡ್ತಾರಂತೆ, ಏನು ದೊಡ್ಡತನ.

ಹೋಗೋರು ಖಾಲಿ ಕ್ಯಾನ್ವಾಸ್ ಕೇಳಿ, ಗೆರೆ ಇದ್ರೆ ಮೊದಲು ಟರ್ಪೆಂಟೈನ್ ಹಾಕಿ ಒಂದು ಮೂಲೆ ಉಜ್ಜಿ. ಪೂರ್ತಿ ದುಡ್ಡು ಮಾತ್ರ ಮುಂಚೆ ಕೊಡ್ಬೇಡಿ.

ಈಗ ಮುಂದಿನ ಬ್ಯಾಚ್ ಪೋಸ್ಟರ್‌ನಲ್ಲಿ ನನ್ನ ಫೋಟೋನೇ ಹಾಕಿದಾರೆ, ಕೈಯಲ್ಲಿ ಆ ಹಾಳು ತೆಂಗಿನಮರ, ಕೆಳಗೆ "ನಮ್ಮ ವಿದ್ಯಾರ್ಥಿಗಳ ಸ್ವಂತ ಕೃತಿ". ತೆಗೀರಿ ಅಂತ ಮೂರು ಸಲ ಮೆಸೇಜ್ ಮಾಡಿದೀನಿ. ಬ್ಲೂ ಟಿಕ್ ಬಂದಿದೆ.